ಅಡಿಟಿಪ್ಪಣಿಯಲ್ಲಿ ಒಂದು ಬೆಕ್ಕು

ಬೋರ್ಗ್ ಸಾಲೇತ್, ಫ್ರಿಯೂಲಿ, ಇಟಲಿ
೩ ಅಕ್ಟೋಬರ್ ೧೯೯೬

ನೀವೆಸ್,

ನಿನ್ನ ಕೈಗೆ ಏನಾಗಿತ್ತೇ? ಐದು ತಿಂಗಳು ಕಾದೆ. ಪಾಪ, ಮುರಿದಿರಬೇಕು ಎಂದುಕೊಂಡು ಸಂತ ಅಂತೋನಿಯ ಮುಂದೆ ಎರಡು ಮೇಣದಬತ್ತಿ ಹಚ್ಚಿಬಂದೆ. ಈಗ ನೋಡಿದರೆ ಕೈ ನೆಟ್ಟಗಿದೆ, ಟೈಪ್ ಮಾಡಿದ ಎರಡು ಹಾಳೆ ಬಂದಿದೆ. ನನ್ನ ಬತ್ತಿ ದಂಡ. ಅಷ್ಟುದ್ದದ ಕಾಗದದಲ್ಲಿ "ಅಜ್ಜಿ, ಹೇಗಿದ್ದೀ" ಎಂಬುದು ಒಂದೇ ಸಾಲು. ಮಿಕ್ಕದ್ದೆಲ್ಲ ಒಂದು, ಎರಡು, ಮೂರು ಎಂದು ನಂಬರು ಹಾಕಿದ ಪ್ರಶ್ನೆ. ನಾನೇನು ಪರೀಕ್ಷೆಗೆ ಕಟ್ಟಿದ್ದೇನೆಯೇ? ಮೂರನೇ ತರಗತಿಯಲ್ಲೇ ಶಾಲೆ ಬಿಡಿಸಿ ನನ್ನನ್ನು ರೇಷ್ಮೆಹುಳುವಿಗೆ ಸೊಪ್ಪು ಹಾಕಲು ಕೂರಿಸಿದರು. ಅಂಥವಳನ್ನು ಲೀಡ್ಸ್ ಪಟ್ಟಣದ ಭಾಷಾಂತರದ ಆಫೀಸಿನಲ್ಲಿ ಕೂತ ಮೊಮ್ಮಗಳು ಪದದ ಅರ್ಥ ಕೇಳುತ್ತಾಳೆ. ಲೋಕ ತಲೆಕೆಳಗಾಗಿದೆ.

ನಮ್ಮ ಕಡೆಯ ಕುರ್ಚಿ ಕಾರ್ಖಾನೆಯೊಂದರ ಖರೀದಿ ಷರತ್ತುಗಳು ನಿನ್ನ ಮೇಜಿಗೆ ಬಂದಿವೆ, ಇಂಗ್ಲಿಷಿಗೆ ಇಳಿಸಬೇಕು, ಯಾವ ಕಾರ್ಖಾನೆ ಎಂದು ಹೇಳುವಂತಿಲ್ಲ ಎಂದು ಬರೆದಿದ್ದೀ. ಹೇಳಬೇಡ. ಇಲ್ಲಿಂದ ನದಿಯವರೆಗೆ ಉಗುಳಿದರೆ ಕುರ್ಚಿ ಕಾರ್ಖಾನೆಯ ಮೇಲೆ ಬೀಳುತ್ತದೆ.

ಮೊದಲ ಪ್ರಶ್ನೆ, "ಮೂರನೆಯವರಲ್ಲಿ ಕೆಲಸ" ಎಂದರೇನು. ಮೂರನೆಯವಳು ನಾನು ಕಣೇ! ಕೊಳ್ಳುವವನು ಒಬ್ಬ, ಮಾರುವವನು ಒಬ್ಬ, ಕುರ್ಚಿ ಹೆಣೆಯುವವಳು ಅಡುಗೆಮನೆಯಲ್ಲಿ ಒಬ್ಬಳು. ಈ ಅಡುಗೆಮನೆಯಲ್ಲೇ ಬೆಳೆದವಳಿಗೆ ಇದನ್ನು ಹೇಳಿಕೊಡಬೇಕೇ? ಸರಿ, ಮರೆತಿದ್ದರೆ ಕೇಳು. ಮಂಗಳವಾರ ಮಂಗಳವಾರ ಸಿಞೋರ್ ದುಯೀಲಿಯೋನ ಕಾರ್ಖಾನೆಯಿಂದ ತರ್ಚೀಸಿಯೊ ವ್ಯಾನಿನಲ್ಲಿ ಹನ್ನೆರಡು ಬರಿಯ ಚೌಕಟ್ಟು ತರುತ್ತಾನೆ, ಹೆಣೆದ ಹನ್ನೆರಡನ್ನು ಒಯ್ಯುತ್ತಾನೆ. ಜೊಂಡಿಗೆ ಹಿಂದಿನ ದಿನವೇ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡಬೇಕು. ಒಣಗಿದ್ದರೆ ಮುರಿಯುತ್ತದೆ, ನೆನೆದು ಹೆಚ್ಚಾದರೆ ಆಮೇಲೆ ಸಡಿಲವಾಗುತ್ತದೆ. ಎರಡೆರಡು ಎಳೆ ಸೇರಿಸಿ ಹುರಿ ಹೊಸೆಯುತ್ತ, ಮೂಲೆಯಿಂದ ಮೂಲೆಗೆ ಸುತ್ತುತ್ತ ನಡುವಿಗೆ ಬರುತ್ತೇನೆ. ನಡುವೆ ಎದ್ದು ಒಲೆಯ ಮೇಲಿನ ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ತಿರುವುತ್ತೇನೆ, ಕೋಳಿಗೆ ಕಾಳು ಹಾಕುತ್ತೇನೆ, ಮತ್ತೆ ಕೂರುತ್ತೇನೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಚೂರುಪಾರು ಜೊಂಡನ್ನು ಕಡ್ಡಿಯಿಂದ ತುರುಕಬೇಕು. ಸಾಕಷ್ಟು ತುರುಕಿದೆಯೋ ಇಲ್ಲವೋ ಎಂದು ನೋಡುವವನು ಜನರಲ್. ನನ್ನ ಬೆಕ್ಕು. ಹೆಣೆದು ಮುಗಿದ ಕುರ್ಚಿಯ ಮೇಲೆ ಒಂದು ಸುತ್ತು ಸುತ್ತಿ ಕೂರುತ್ತಾನೆ. ಅಲ್ಲೇ ನಿದ್ದೆ ಹೋದರೆ ಪಾಸು, ಎದ್ದು ಹೋದರೆ ಫೇಲು. ದುಯೀಲಿಯೋನ ಕಾರ್ಖಾನೆಯಲ್ಲಿ ಸಂಬಳ ತೆಗೆದುಕೊಳ್ಳುವ ಯಾವ ಮೇಸ್ತ್ರಿಗೂ ಅಷ್ಟು ನಯವಾದ ಅಂಡಿಲ್ಲ.

ಎರಡನೆಯದು, "ಪರಿಶೀಲನೆಯ ಹಕ್ಕು ಕಾದಿರಿಸಿ ಸ್ವೀಕರಿಸಲಾಗಿದೆ". ಸಾಮಾನು ಕೈಗೆ ಬಂದಾಗ ಚೀಟಿಯ ಮೇಲೆ ಹಾಗೆ ಬರೆದು ಸಹಿ ಹಾಕದವನು ಈ ದೇಶದಲ್ಲಿ ದಡ್ಡ. ತಗೊಂಡಿದ್ದೇನೆ, ಆದರೆ ಬಿಚ್ಚಿ ನೋಡಿಲ್ಲ, ಒಳಗೆ ಒಡೆದಿದ್ದರೆ ಜಗಳಕ್ಕೆ ಬರುತ್ತೇನೆ ಎಂದರ್ಥ. ನಿನ್ನ ತಾತನನ್ನು ಮದುವೆಯಾದ ದಿನ ಪಾದ್ರಿಯ ಪುಸ್ತಕದಲ್ಲಿ ಅದನ್ನು ಬರೆಯಲು ನಾನು ಮರೆತೆ.

ಮೂರನೆಯದು, "ಮಾದರಿಯಂತೆ". ಒಂದು ಕುರ್ಚಿಗೆ ಮೊಹರು ಹಾಕಿ ಯಜಮಾನನ ಕೋಣೆಯಲ್ಲಿ ಇಟ್ಟಿರುತ್ತಾರೆ. ಬಂದದ್ದೆಲ್ಲ ಅದರ ಹಾಗಿರಬೇಕು. ಕೈಯಲ್ಲಿ ಹೆಣೆದದ್ದು ಹಾಗಿರುವುದಿಲ್ಲ. ಅಕ್ಕತಂಗಿಯರು ಒಬ್ಬರ ಹಾಗೆ ಒಬ್ಬರು ಇರುತ್ತಾರಲ್ಲ, ಅಷ್ಟೇ.

ಮುಗಿಯಿತು, ನೂರಕ್ಕೆ ನೂರು ಹಾಕು. ಫೋನ್ ಮಾತ್ರ ಮಾಡಬೇಡ. ಅದರಲ್ಲಿ ನೀನು ಬಾವಿಯೊಳಗಿನ ಕಪ್ಪೆಯ ಹಾಗೆ ಕೇಳಿಸುತ್ತೀ, ನಾನು ಸುಮ್ಮನೆ ಹೂಂ ಹೂಂ ಎನ್ನುತ್ತಿರುತ್ತೇನೆ. ಕಾಗದ ಬರೆ. ಸ್ವೆಟರು ಹಾಕಿಕೋ.

ನಿನ್ನ ಅಜ್ಜಿ,
ಒನೊರಿನಾ


ಲೀಡ್ಸ್
೧೯ ಅಕ್ಟೋಬರ್ ೧೯೯೬

ಪ್ರೀತಿಯ ಅಜ್ಜಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ, ಮೂರನೆಯ ಸಲ ಜೋರಾಗಿ ಓದಿದೆ. ಪಕ್ಕದ ಕೋಣೆಯವನು ಗೋಡೆ ಬಡಿದ. ಇಲ್ಲಿಗೆ ಬಂದ ಆರು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ನೀನು ಹೇಳಿದ್ದನ್ನು ಹಾಗೆಯೇ ಇಂಗ್ಲಿಷಿಗೆ ತಂದು, ಹಾಳೆಯ ಕೆಳಗೆ ಅಡಿಟಿಪ್ಪಣಿಯಾಗಿ ಹಾಕಿದ್ದೇನೆ. ಬರೀ "ಮೂರನೆಯವರಲ್ಲಿ ಕೆಲಸ" ಎಂದರೆ ಇಲ್ಲಿಯವರಿಗೆ ಏನೂ ತಿಳಿಯುವುದಿಲ್ಲ, ಓದಿ ಮುಂದೆ ಹೋಗಿಬಿಡುತ್ತಾರೆ. ಅದರ ಹಿಂದೆ ಒಬ್ಬಳು ಕೂತಿದ್ದಾಳೆ ಎಂದು ಗೊತ್ತಾಗಲಿ ಅನ್ನಿಸಿತು. ನಮ್ಮ ಆಫೀಸಿನ ಮಿಸೆಸ್ ಪೆನಿಂಗ್ಟನ್ ಓದಿ, "ಕಣ್ಣಿಗೆ ಕಟ್ಟಿದ ಹಾಗಿದೆ" ಎಂದರು. ಅವರು ಹೊಗಳುವುದು ವರ್ಷಕ್ಕೊಮ್ಮೆ.

ನನ್ನ ಕೈಗೆ ಏನಾಗಿತ್ತು ಎಂದು ಕೇಳಿದ್ದಕ್ಕೆ: ನಾನು ಚೆನ್ನಾಗಿದ್ದೇನೆ. ಹೋದ ಭಾನುವಾರ ಅಂಗಡಿಯಲ್ಲಿ ಬ್ರೆಡ್ ಕೇಳುವಾಗ ದನಿ ಗೊಗ್ಗರಾಗಿ ಹೊರಟಿತು. ನೆಗಡಿಯೇನಲ್ಲ, ಶುಕ್ರವಾರ ಸಂಜೆಯಿಂದ ಬಾಯಿ ತೆರೆದಿರಲಿಲ್ಲ, ಅಷ್ಟೇ.

ಇನ್ನೊಂದು ಪದ ಉಳಿದಿದೆ. "ಮೌನದಿಂದ ಮುಂದುವರಿಕೆ." ಕರಾರಿನ ಕೊನೆಯಲ್ಲಿ ಬರುತ್ತದೆ. ನಿನಗೆ ಬಿಡುವಾದಾಗ ಬರೆ.

ನಿನ್ನ
ನೀವೆಸ್


ಬೋರ್ಗ್ ಸಾಲೇತ್
೮ ನವೆಂಬರ್ ೧೯೯೬

ನೀವೆಸ್,

ಬಾಯಿ ತೆರೆಯದೆ ಎರಡು ದಿನ ಇದ್ದದ್ದಕ್ಕೆ ನೀನು ಅಳುಮೋರೆ ಮಾಡುತ್ತೀ. ನಾನು ಮಂಗಳವಾರದಿಂದ ಮಂಗಳವಾರದವರೆಗೆ ಇರುತ್ತೇನೆ. ಜನರಲ್‌ನೊಡನೆ ಮಾತಾಡುತ್ತೇನೆ, ಆದರೆ ಅವನು ಗಂಡಸು, ಅರ್ಧಕ್ಕೆ ಎದ್ದು ಹೋಗುತ್ತಾನೆ.

ಸತ್ತವರ ಹಬ್ಬಕ್ಕೆ ಸೇವಂತಿಗೆ ಒಯ್ದು ನಿನ್ನ ಅಮ್ಮನ ಕಲ್ಲು, ತಾತನ ಕಲ್ಲು ತೊಳೆದುಬಂದೆ. ನಿನ್ನ ಹೆಸರಿನಲ್ಲೂ ಒಂದು ಹೂವಿಟ್ಟೆ. ನೀನು ಹೇಳಿದ್ದೀ ಎಂದು ನಿನ್ನ ಅಮ್ಮನಿಗೆ ಸುಳ್ಳು ಹೇಳಿದೆ. ನನ್ನ ಜೊತೆ ಹೆಣೆಯುತ್ತಿದ್ದ ಅಮಾಬಿಲೆಯನ್ನು ಅವಳ ಸೊಸೆ ವೃದ್ಧಾಶ್ರಮಕ್ಕೆ ಸೇರಿಸಿದಳು. ಆ ಸೊಸೆಯ ವಿಷಯ ಬರೆಯಲು ಹೊರಟರೆ ಅಂಚೆಚೀಟಿ ಹೆಚ್ಚು ಬೇಕಾಗುತ್ತದೆ. ನಮ್ಮ ಅಂಗಳದಲ್ಲಿ ಕುರ್ಚಿ ಹೆಣೆಯುತ್ತಿದ್ದವರು ಏಳು ಜನ ಎಂದು ನಿನಗೆ ನೆನಪಿರಬೇಕು, ಒಬ್ಬಳು ಹಾಡು ಎತ್ತಿಕೊಂಡರೆ ಆರು ಜನ ಕೆಡಿಸುತ್ತಿದ್ದೆವು. ಈಗ ಉಳಿದವಳು ನಾನೊಬ್ಬಳು. ಬಾಗಿಲು ಬಡಿಯುವವನು ತರ್ಚೀಸಿಯೊ ಒಬ್ಬ.

ಅವನು ಮೊನ್ನೆ ಒಂದು ಲೋಟ ವೈನ್ ಕುಡಿದು ನನ್ನ ಕುರ್ಚಿಯನ್ನು ಒತ್ತಿ ನೋಡಿ ಹೇಳಿದ:

"ಒನೊರಿನಮ್ಮ, ಇದ್ರ ಮೇಲೆ ಪೋಪ್ ಕೂತ್ರೆ ಎದ್ದೇಳಲ್ಲ ಕಣ್ರೀ."

"ಪೋಪ್ ಬಿಡು, ನೀನು ಎದ್ದೇಳು. ಮುಕ್ಕಾಲು ಗಂಟೆ ಆಯ್ತು."

"ಏನ್ ಜನಾನಮ್ಮ ನೀವು! ಹೋಗ್ತೀನಿ ಅಂದ್ರೆ ಇನ್ನೊಂದ್ ಲೋಟ ಬಗ್ಗಿಸ್ತೀರಿ, ಕೂತ್ರೆ ಎಬ್ಬಿಸ್ತೀರಿ."

ಅದೂ ನಿಜವೇ.

ನೀನು ಕೇಳಿದ ಪದ. ಇದು ಸುಲಭ. ವರ್ಷ ಮುಗಿಯುವ ಮೊದಲು ಇಬ್ಬರಲ್ಲಿ ಯಾರೂ "ಬೇಡ" ಎನ್ನದಿದ್ದರೆ ಕರಾರು ತಾನಾಗಿ ಇನ್ನೊಂದು ವರ್ಷ ನಡೆಯುತ್ತದೆ. ದುಯೀಲಿಯೋನ ಅಪ್ಪನೊಡನೆ ನಾನು ಒಂದು ಸಲ ಕೈಕುಲುಕಿದ್ದೆ, ಯುದ್ಧ ಮುಗಿದ ವರ್ಷ. ಆಮೇಲೆ ಯಾರೂ ಬೇಡ ಎನ್ನಲಿಲ್ಲ, ಐವತ್ತೊಂದು ವರ್ಷವಾಯಿತು. ವ್ಯಾಪಾರದಲ್ಲಿ ಬಾಯಿಮುಚ್ಚಿಕೊಂಡಿದ್ದರೆ ನಂಟು ಉಳಿಯುತ್ತದೆ. ಮನೆಯವರ ನಡುವೆ ಹಾಗೆ ಉಳಿಯುತ್ತದೆಯೋ ಇಲ್ಲವೋ ಓದಿದವಳು ನೀನು, ನೀನೇ ಹೇಳು.

ಅಂದ ಹಾಗೆ, ಇಂಗ್ಲಿಷಿನಲ್ಲಿ ನಾನು ಹೇಗೆ ಕಾಣುತ್ತೇನೆ? ಅಲ್ಲಿಯೂ ಹಲ್ಲಿಲ್ಲವೇ?

ಅಜ್ಜಿ,
ಒನೊರಿನಾ


ಬೋರ್ಗ್ ಸಾಲೇತ್
೧೭ ಡಿಸೆಂಬರ್ ೧೯೯೬

ನೀವೆಸ್,

ನಾನು ಬರೆದು ಐದು ವಾರವಾಯಿತು. ಪ್ರಶ್ನೆ ಮುಗಿದ ಮೇಲೆ ಅಜ್ಜಿಯೂ ಮುಗಿದಳೇ?

ಒಂದು ಗುಬಾನ ರೊಟ್ಟಿ ಅಂಚೆಯಲ್ಲಿ ಹಾಕಿದ್ದೇನೆ. ಒಳಗೆ ಆಕ್ರೋಟು, ಒಣದ್ರಾಕ್ಷಿ. ಸಕ್ಕರೆ ಮಾತ್ರ ಸ್ವಲ್ಪ ಮುಂದು. ತುಂಡು ಮಾಡಿ ಮೇಲೆ ಒಂದು ಚಮಚ ಪ್ಲಮ್ ಸಾರಾಯಿ ಹನಿಸಿಕೋ, ಇಂಗ್ಲೆಂಡಿನಲ್ಲಿ ಅದು ಸಿಗದಿದ್ದರೆ ಇಂಗ್ಲೆಂಡಿಗೆ ನಾಚಿಕೆಯಾಗಬೇಕು. ಗೋಡೆ ಬಡಿಯುವವನಿಗೂ ಒಂದು ತುಂಡು ಕೊಡು. ತಿನ್ನುತ್ತಿರುವಾಗ ಬಡಿಯಲಾರ.

ಇಲ್ಲಿ ಒಂದು ವಿಚಿತ್ರ. ತರ್ಚೀಸಿಯೊ ಹೋದ ವಾರ ಆರು ಚೌಕಟ್ಟು ತಂದ, ಈ ವಾರ ನಾಲ್ಕು. ಕೇಳಿದರೆ ಟೋಪಿ ತೆಗೆದು ತಲೆ ಕೆರೆದುಕೊಂಡ. ನನಗೆ ವಯಸ್ಸಾಯಿತು ಎಂದು ದುಯೀಲಿಯೊ ಕಡಿಮೆ ಕಳಿಸುತ್ತಿದ್ದಾನೋ ಏನೋ. ಅವನಿಗೆ ಹೇಳಿಕಳಿಸಿದ್ದೇನೆ: ಎಪ್ಪತ್ತೇಳು ನನ್ನ ಮಂಡಿಗೆ ಆಗಿದೆ, ಬೆರಳಿಗೆ ಆಗಿಲ್ಲ.

ನಾಲ್ಕು ಕುರ್ಚಿ ಬುಧವಾರವೇ ಮುಗಿದುಹೋಗುತ್ತವೆ. ಆಮೇಲೆ ವಾರ ಬಹಳ ಉದ್ದ.

ಅಜ್ಜಿ


ಬೋರ್ಗ್ ಸಾಲೇತ್
೨೮ ಜನವರಿ ೧೯೯೭

ನೀವೆಸ್,

ಈ ಮಂಗಳವಾರ ವ್ಯಾನು ಬಂತು, ಚೌಕಟ್ಟು ಬರಲಿಲ್ಲ. ತರ್ಚೀಸಿಯೊ ಒಂದು ಕಾಗದ ಹಿಡಿದುಕೊಂಡು ಬಂದ. ವೈನ್ ಬೇಡ ಎಂದ. ಆ ಮನುಷ್ಯ ತನ್ನ ತಾಯಿಯ ಶವದ ಮುಂದೆಯೂ ಬೇಡ ಎಂದವನಲ್ಲ.

ಕಾಗದದಲ್ಲಿ ಇದ್ದದ್ದು ಇಷ್ಟು. ಇನ್ನು ಮುಂದೆ ಹೊರಗಿನ ಮನೆಗಳಿಗೆ ಕೆಲಸ ಕೊಡುವುದಕ್ಕೆ ಕೊಳ್ಳುವವರ ಒಪ್ಪಿಗೆ ಬೇಕು. ಕಾರ್ಖಾನೆ ಯಾವ ದಿನ ಬೇಕಾದರೂ, ಮುಂಚೆ ಹೇಳದೆ, ಕೆಲಸ ಕೊಡುವುದನ್ನು ನಿಲ್ಲಿಸಬಹುದು. ಕೆಳಗೆ ಎರಡು ಕಡೆ ಸಹಿ. ಈ ದೇಶದಲ್ಲಿ ಹಾಗೆಯೇ ತಾನೆ: ಮೊದಲ ಸಹಿ ಇಡೀ ಕಾಗದಕ್ಕೆ. ಎರಡನೆಯದು ಕಚ್ಚುವ ಷರತ್ತುಗಳನ್ನು ಮಾತ್ರ ನಂಬರು ಹಿಡಿದು ಹೇಳಿ, ಇವನ್ನೂ ನೋಡಿಯೇ ಒಪ್ಪಿದ್ದೇನೆ ಎಂದು ಬೇರೆಯಾಗಿ ಹಾಕುವುದು. ಕನ್ನಡಕ ಒರೆಸಿ ಎಲ್ಲ ಓದಿದೆ. ಮೊದಲನೆಯ ಕಡೆ ಸಹಿ ಹಾಕಿದೆ. ಎರಡನೆಯ ಕಡೆ ಪೆನ್ನು ಮುಚ್ಚಿಟ್ಟೆ.

"ಎರಡ್ನೇದು ಇಲ್ದಿದ್ರೆ ಆ ಷರತ್ತು ನಿಲ್ಲಲ್ಲ ಕಣಮ್ಮ," ಎಂದ ತರ್ಚೀಸಿಯೊ.

"ನಿಲ್ಲದಿದ್ರೆ ಮಲಗ್ಲಿ."

"ಯಜಮಾನ್ರು ನನ್ನ ಬೈತಾರೆ."

"ಬೈಸ್ಕೋ. ಐವತ್ತೊಂದು ವರ್ಷ ಕೈ ಕುಲುಕಿದ್ದು ಸಾಕಾಗಿತ್ತು. ಈಗ್ಯಾಕೆ ಎರಡೆರಡು ಸಹಿ?"

ಅವನು ಕೂತ. ಕೂತು ಹೇಳಿದ: ಇಂಗ್ಲೆಂಡಿನ ಅಂಗಡಿಯವರು ನಮ್ಮ ಕುರ್ಚಿ ಕೊಳ್ಳುವ ಮುಂಚೆ ಷರತ್ತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಓದಿದರಂತೆ. ಅದರಲ್ಲಿ ಒಂದು ಕಡೆ, ಕುರ್ಚಿಗಳು ಹಳ್ಳಿಯ ಅಡುಗೆಮನೆಗೆ ಹೋಗುತ್ತವೆ, ಮುದುಕಿಯರು ಪೊಲೆಂತ ತಿರುವುತ್ತ ಹೆಣೆಯುತ್ತಾರೆ ಎಂದು ಬಣ್ಣಿಸಿ ಬರೆದಿತ್ತಂತೆ. ಓದಿ ಗಾಬರಿಯಾದರಂತೆ. ಅಡುಗೆಮನೆಯನ್ನು ಯಾರು ತಪಾಸಣೆ ಮಾಡಬೇಕು, ಒಲೆಯ ಕಿಡಿ ಬಿದ್ದರೆ ಯಾರು ಹೊಣೆ, ಇಂಥದ್ದೆಲ್ಲ. ಕಾರ್ಖಾನೆಯ ಸೂರಿನ ಕೆಳಗೆ ಹೆಣೆದದ್ದು ಮಾತ್ರ ಬೇಕು, ಇಲ್ಲದಿದ್ದರೆ ಏನೂ ಬೇಡ ಎಂದರಂತೆ. ದುಯೀಲಿಯೊ ಎರಡು ತಿಂಗಳು ಹೆಣಗಾಡಿ ಕೊನೆಗೆ ಒಪ್ಪಿದ.

"ಯಾವನೋ ಬರೆದವ್ನು ಎಲ್ಲಾ ಬರ್ದವ್ನೆ ಕಣಮ್ಮ," ಎಂದ. "ಕುರ್ಚಿ ಮೇಲೆ ಬೆಕ್ಕು ಮಲಗೋದೂ ಬರ್ದವ್ನಂತೆ. ಬೆಕ್ಕಿನ ಕೂದಲು ಅಂತ ಅದಕ್ಕೇ ಒಂದು ಬೇರೆ ಕಾಗದ ಬಂದಿತ್ತಂತೆ."

ಇಂಗ್ಲೆಂಡಿನವರಿಗೆ ನನ್ನ ಬೆಕ್ಕಿನ ವಿಷಯ ಹೇಗೆ ಗೊತ್ತಾಯಿತು, ನೀವೆಸ್?

ಒನೊರಿನಾ


ಲೀಡ್ಸ್
೧೦ ಫೆಬ್ರವರಿ ೧೯೯೭

ಅಜ್ಜಿ,

ನಿನಗೆ ಗೊತ್ತಿದೆ. ಆದರೂ ಕೇಳಿದ್ದೀ, ಆದ್ದರಿಂದ ಹೇಳುತ್ತೇನೆ. ಅದು ದುಯೀಲಿಯೋನ ಕಾರ್ಖಾನೆಯ ಕಾಗದವೇ. ನನಗೆ ಮೊದಲ ದಿನದಿಂದ ಗೊತ್ತಿತ್ತು. "ಮೂರನೆಯವರಲ್ಲಿ ಕೆಲಸ" ಎಂಬುದು ಮೂಲದ ಇಟಾಲಿಯನ್ನಿನಲ್ಲಿ ಮೂರೇ ಪದ. ಮೂರು ಪದಕ್ಕೆ ಮೂರು ಪದ ಇಟ್ಟಿದ್ದರೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಹನ್ನೆರಡು ಚೌಕಟ್ಟು ಇಂದಿಗೂ ಬರುತ್ತಿದ್ದವು.

ನಾನು ಯಾಕೆ ಹಾಗೆ ಬರೆದೆ? ಇಲ್ಲಿ ದಿನಕ್ಕೆ ಎಂಟು ಗಂಟೆ ಮಾರುವವನು, ಕೊಳ್ಳುವವನು, ಒಪ್ಪಿಸುವವನು ಎಂದು ಬರೆಯುತ್ತೇನೆ. ಅವರಲ್ಲಿ ಒಬ್ಬನಿಗೂ ಮುಖವಿಲ್ಲ. ಒಮ್ಮೆಯಾದರೂ ಒಬ್ಬಳಿಗೆ ಮುಖ ಇರಲಿ ಅನ್ನಿಸಿತು. ನಿನ್ನ ವಿಷಯ ಓದಿದರೆ ಅವರು ಕುರ್ಚಿಗೆ ಹೆಚ್ಚು ಬೆಲೆ ಕೊಡುತ್ತಾರೆ ಎಂದು ನಿಜವಾಗಿಯೂ ನಂಬಿದ್ದೆ.

ನವೆಂಬರ್ ಕೊನೆಗೆ ಅವರ ಉತ್ತರ ನಮ್ಮ ಆಫೀಸಿಗೇ ಬಂತು. ಅದನ್ನು ಇಟಾಲಿಯನ್ನಿಗೆ ತಿರುಗಿಸಿದವಳೂ ನಾನೇ. ಆಮೇಲೆ ನಿನಗೆ ಏನು ಬರೆಯಲಿ? ನಿನ್ನ ಗುಬಾನ ಬಂತು. ಡಬ್ಬದ ಮುಂದೆ ಕೂತು ಮೂರು ಕಾಗದ ಬರೆದೆ, ಮೂರನ್ನೂ ಹರಿದೆ.

ಇದನ್ನು ಸರಿಪಡಿಸಬಹುದು. ಟಿಪ್ಪಣಿ ತಪ್ಪು, ಅದು ಹಳೆಯ ಕಾಲದ ಪದ್ಧತಿ, ಈಗ ಆ ಹೆಂಗಸರು ಯಾರೂ ಇಲ್ಲ ಎಂದು ಅವರಿಗೆ ಬರೆಯುತ್ತೇನೆ. ಆಗ ದುಯೀಲಿಯೊ ಸದ್ದಿಲ್ಲದೆ ನಿನಗೆ ಮೊದಲಿನಂತೆ ಕಳಿಸಬಹುದು. ಮಿಸೆಸ್ ಪೆನಿಂಗ್ಟನ್‌ಗೆ ತಿಳಿದರೆ ನನ್ನ ಕೆಲಸ ಹೋಗುತ್ತದೆ. ಹೋಗಲಿ.

ನೀನು ಹೂಂ ಎಂದ ದಿನವೇ ಬರೆಯುತ್ತೇನೆ.

ನೀವೆಸ್


ಬೋರ್ಗ್ ಸಾಲೇತ್
೧೨ ಮಾರ್ಚ್ ೧೯೯೭

ನೀವೆಸ್,

ತಿಂಗಳು ತಡಮಾಡಿದೆ. ನೀನು ಮೂರು ಹರಿದೆ ಎಂದೆಯಲ್ಲ, ನಾನು ಹರಿಯಲಿಲ್ಲ, ಕಾಗದಕ್ಕೆ ದುಡ್ಡು ಬೀಳುತ್ತದೆ. ಒಲೆಯ ಮುಂದೆ ಕೂತು ಬಾಯಲ್ಲೇ ಬೈದೆ. ಮೊದಲ ವಾರ ನಿನ್ನನ್ನು, ಎರಡನೇ ವಾರ ದುಯೀಲಿಯೋನನ್ನು, ಮೂರನೇ ವಾರ ಇಂಗ್ಲೆಂಡನ್ನು. ನಾಲ್ಕನೇ ವಾರಕ್ಕೆ ಬೈಯಲು ಉಳಿದವಳು ನಾನೊಬ್ಬಳೇ: ಕೇಳಿದ್ದು ಒಂದು ಪದ, ಹೇಳಿದ್ದು ಒಂದು ಪುರಾಣ. ಯಾಕೆ ಅಷ್ಟು ಹೇಳಿದೆ? ಕಾಗದ ಉದ್ದವಾದರೆ ನಿನ್ನ ಉತ್ತರವೂ ಉದ್ದವಾಗಿ ಬರುತ್ತದೆ ಎಂದು.

ಈ ನಡುವೆ ದುಯೀಲಿಯೊ ತಾನೇ ಬಂದ, ಕೈಯಲ್ಲಿ ಟೋಪಿ ಹಿಡಿದುಕೊಂಡು. ಎರಡನೆಯ ಸಹಿಯ ಮಾತೆತ್ತಲಿಲ್ಲ. "ಒನೊರಿನಮ್ಮ, ಕಾರ್ಖಾನೆಗೇ ಬಂದ್ಬಿಡಿ. ಬೆಳಿಗ್ಗೆ ತರ್ಚೀಸಿಯೊ ಕರ್ಕೊಂಡ್ ಬರ್ತಾನೆ, ಸಂಜೆ ಬಿಡ್ತಾನೆ. ನಿಮಗೇ ಅಂತ ಕಿಟಕಿ ಪಕ್ಕ ಜಾಗ ಮಾಡ್ಸಿದೀನಿ," ಎಂದ. ಕೆಟ್ಟವನಲ್ಲ ಅವನು. ಹೋದೆ. ಒಂದು ದಿನ ಹೋದೆ. ಕಿಟಕಿ ಇತ್ತು, ನಿಜ. ಸುತ್ತ ಇಪ್ಪತ್ತರ ಹುಡುಗಿಯರು. ಜೊಂಡಲ್ಲ, ಯಂತ್ರದಲ್ಲಿ ಹೊಸೆದ ಕಾಗದದ ಹುರಿ ಸುತ್ತುತ್ತಾರೆ. ಗರಗಸದ ಸದ್ದಿಗೆ ಎಲ್ಲರ ಕಿವಿಯಲ್ಲೂ ಮುಚ್ಚಳ. ನಾನು ಪಕ್ಕದವಳಿಗೆ, "ಯಾರ ಮಗಳೇ ನೀನು?" ಎಂದೆ. ನಕ್ಕಳು. ಇನ್ನೊಂದು ಸಲ ಕೇಳಿದೆ. ಮತ್ತೆ ನಕ್ಕಳು. ಸಂಜೆಯವರೆಗೆ ಎರಡು ಕುರ್ಚಿ ಹೆಣೆದೆ. ಒಂದರ ಮೇಲೆ ಮೇಸ್ತ್ರಿ ಅಳತೆಪಟ್ಟಿ ಇಟ್ಟ, ಕಾಗದದಲ್ಲಿ ಏನೋ ಗೀಚಿದ, ಹೋದ. ಒಬ್ಬಳೇ ಇದ್ದು ಒಬ್ಬಳೇ ಇರುವುದು ನನಗೆ ಅಭ್ಯಾಸವಾಗಿದೆ. ನಲವತ್ತು ಜನರ ನಡುವೆ ಒಬ್ಬಳೇ ಇರುವುದನ್ನು ಈ ವಯಸ್ಸಿನಲ್ಲಿ ಕಲಿಯಲಾರೆ. ವ್ಯಾನು ಇಳಿಯುವಾಗ ತರ್ಚೀಸಿಯೋನಿಗೆ ಹೇಳಿದೆ, ನಾಳೆ ಬರಬೇಡ ಎಂದು.

ಅಡುಗೆಮನೆಯಲ್ಲಿ ಈಗ ಗೋಡೆ ಕಾಣುತ್ತದೆ. ಕುರ್ಚಿ ಪೇರಿಸಿಡುತ್ತಿದ್ದ ಕಡೆ ಇಷ್ಟಗಲ ತೇವದ ಕಲೆ ಇದೆ. ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ನನ್ನ ದನಿ ಅದಕ್ಕೆ ತಾಗಿ ವಾಪಸು ಬರುತ್ತದೆ.

ಈಗ ನೀನು ಕೇಳಿದ ಹೂಂ. ಅದು ಸಿಗುವುದಿಲ್ಲ.

ಆಸೆಯಾಗಲಿಲ್ಲ ಎಂದರೆ ಸುಳ್ಳು. ಎರಡು ದಿನ ಲೆಕ್ಕ ಹಾಕಿದೆ: ನೀನು ಬರೆಯುತ್ತೀ, ಅವರು ನಂಬುತ್ತಾರೆ, ತರ್ಚೀಸಿಯೊ ಟಾರ್ಪಾಲಿನ ಅಡಿಯಲ್ಲಿ ಚೌಕಟ್ಟು ತರುತ್ತಾನೆ, ಗೋಡೆ ಮುಚ್ಚುತ್ತದೆ. ಆಮೇಲೆ ಒಂದು ದಿನ ಇಂಗ್ಲೆಂಡಿನವನೊಬ್ಬ ಕಾರು ಹತ್ತಿ ನೋಡಲು ಬರುತ್ತಾನೆ. ಆಗ ದುಯೀಲಿಯೊ ಓಡಿಬಂದು, "ಅಮ್ಮಾ, ಸ್ವಲ್ಪ ಹೊತ್ತು ನೆಲಮಾಳಿಗೇಲಿ ಇರಿ," ಎನ್ನುತ್ತಾನೆ. ನಾನು ಆಲೂಗಡ್ಡೆ ಮೂಟೆಯ ಪಕ್ಕದಲ್ಲಿ ಕೂತಿರಬೇಕು. ಬೆಕ್ಕನ್ನೂ ಮಡಿಲಲ್ಲಿ ಹಿಡಿದುಕೊಂಡಿರಬೇಕು. ಅಷ್ಟಕ್ಕೆ ನೀನು ಕೆಲಸ ಕಳೆದುಕೊಳ್ಳಬೇಕು.

ಆ ಹೆಂಗಸರು ಯಾರೂ ಇಲ್ಲ ಎಂದು ಬರೆಯುತ್ತೀಯಾ? ಆರು ಜನ ಇಲ್ಲ, ಅದು ಸರಿ. ನಾನು ಇದ್ದೇನೆ. ನೀನು ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಓದಿದವರಿಗೆ ಹಿಡಿಸಲಿಲ್ಲ, ಅದು ಬೇರೆ ಮಾತು. ನನ್ನ ಕೆಲಸ ಹೋಯಿತು, ನೋವಾಗಿದೆ, ಆಗಲಿಲ್ಲ ಎಂದು ನಿನ್ನನ್ನು ಸಮಾಧಾನ ಮಾಡುವವಳು ನಾನಲ್ಲ. ಆದರೆ ನಾನು ಇಲ್ಲ ಎಂದು ನೀನು ಇಂಗ್ಲಿಷಿನಲ್ಲಿ ಬರೆಯಬೇಡ. ಅದನ್ನು ಬರೆಯಲು ಪಾದ್ರಿ ಇದ್ದಾನೆ, ಸಮಯ ಬಂದಾಗ ಬರೆಯುತ್ತಾನೆ.

ನಾನು ಕ್ಷಮಿಸದೆ ಇರುವುದು ಒಂದಿದೆ, ಅದು ಟಿಪ್ಪಣಿಯಲ್ಲ. ನವೆಂಬರಿನಲ್ಲಿ ತಿಳಿದದ್ದನ್ನು ಫೆಬ್ರವರಿಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡೆಯಲ್ಲ, ಅದು. ಅದರಲ್ಲಿ ಏಳು ವಾರ ನಾನು ನನ್ನ ಬೆರಳನ್ನು ಅನುಮಾನಿಸಿದೆ. ಕುರ್ಚಿ ಕೆಟ್ಟಿತೇ, ಹುರಿ ಸಡಿಲವಾಯಿತೇ ಎಂದು ರಾತ್ರಿ ಎದ್ದು ಮುಟ್ಟಿ ನೋಡಿದೆ. ನೀನು ಒಂದು ಸಾಲು ಬರೆದಿದ್ದರೆ ನಿನ್ನನ್ನು ಬೈದುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದೆ.

ಇನ್ನೊಂದು ವಿಷಯ. ಸೋಮವಾರ ರಕ್ತದೊತ್ತಡದ ಮಾತ್ರೆಗೆ ಔಷಧದಂಗಡಿಗೆ ಹೋಗಿದ್ದೆ. ಅಂಗಡಿಯವನು ತನ್ನ ಮಗಳ ಓದಿಗೆಂದು ಇಂಗ್ಲಿಷಿನ ದೊಡ್ಡ ನಿಘಂಟು ತಂದಿಟ್ಟಿದ್ದಾನೆ, ಕೌಂಟರಿನ ಮೇಲೆ ಅರ್ಧ ಜಾಗ ಅದಕ್ಕೇ. ಮಾತ್ರೆ ಕಟ್ಟುವವರೆಗೆ ನಿನ್ನ ಪದಗಳನ್ನು ಒಂದೊಂದಾಗಿ ಹೇಳಿದೆ. ಅವನು ಒಂದೊಂದಾಗಿ ತೆಗೆದ. ಮೂರನೆಯವರಲ್ಲಿ ಕೆಲಸ, ಇತ್ತು. ಪರಿಶೀಲನೆಯ ಹಕ್ಕು, ಇತ್ತು. ಮಾದರಿ, ಮೌನದ ಮುಂದುವರಿಕೆ, ಎಲ್ಲ ಇದ್ದವು. ಒಂದೊಂದಕ್ಕೂ ಎರಡೆರಡು ಇಂಗ್ಲಿಷ್ ಪದ.

"ನಿಮ್ಮ ಮೊಮ್ಮಗಳ ಹತ್ರ ಇದಕ್ಕಿಂತ ದೊಡ್ಡದು ಇರುತ್ತಲ್ಲಮ್ಮ," ಎಂದ. "ಆರು ವರ್ಷದಿಂದ ಇದೇ ಕೆಲಸ ಅಂತೀರಿ. ನಿಮ್ಮನ್ನ ಯಾಕೆ ಕೇಳಿದ್ಲು?"

"ಅವಳ ಪುಸ್ತಕದಲ್ಲಿ ಆ ಹಾಳೆ ಹರಿದಿದೆ," ಎಂದೆ. ಮಾತ್ರೆ ತಗೊಂಡು ಹೊರಗೆ ಬಂದೆ. ಚರ್ಚಿನ ಗೋಡೆಯ ಪಕ್ಕ ಬಿಸಿಲಿತ್ತು; ಅಲ್ಲಿ ಸ್ವಲ್ಪ ಹೊತ್ತು ನಿಂತೆ. ನಾನೂ ಅಷ್ಟೇ, ಉತ್ತರವನ್ನು ಅರ್ಧ ಹಾಳೆಯಲ್ಲಿ ಬರೆಯಬಹುದಿತ್ತು. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ, ನೀನೂ ಬರೆಯಬೇಡ.

ಖರೀದಿಯ ಕಾಗದದಲ್ಲಿ ಪದಗಳು ಒಂದಿಷ್ಟೇ ಇರುವುದಿಲ್ಲ. ಸಾಗಣೆಯದಿದೆ, ಕಟ್ಟಿಗೆಯದಿದೆ, ಅರಗು ಮೆರುಗಿನದಿದೆ, ದುಯೀಲಿಯೋನ ಅಪ್ಪ ಸಂತೆಯಲ್ಲಿ ಬೈಯುತ್ತಿದ್ದ ಬೈಗುಳಗಳೇ ಒಂದು ಮೂಟೆ ಇವೆ. ಆ ನಿಘಂಟಿನಲ್ಲಿ ಇರಲಿ, ಇಲ್ಲದಿರಲಿ, ನಿನಗೆ ತಿಳಿಯದವನ್ನೆಲ್ಲ ಪಟ್ಟಿ ಮಾಡು. ತಿಳಿದವನ್ನೂ ಸೇರಿಸು. ಟೈಪ್ ಮಾಡಬೇಡ, ಕೈಯಲ್ಲಿ ಬರೆ. ನಿನ್ನ ಅಕ್ಷರ ನೋಡಿದರೆ ನೀನು ಊಟ ಮಾಡಿದ್ದೀಯೋ ಇಲ್ಲವೋ ನನಗೆ ತಿಳಿಯುತ್ತದೆ. ಬಾ ಎಂದು ನಾನು ಹೇಳುತ್ತಿಲ್ಲ. ರೈಲು ಮಾತ್ರ ಮೊದಲಿನ ಹೊತ್ತಿಗೇ ಬರುತ್ತದೆ.

ಅಂಚೆಯವಳು ಹೊಸಬಳು, ನನಗೆ ಕಾಗದ ಬರುವುದಿಲ್ಲ ಎಂದುಕೊಂಡು ನಮ್ಮ ಗೇಟಿನ ಮುಂದೆ ಸೈಕಲ್ಲು ನಿಧಾನ ಕೂಡ ಮಾಡುವುದಿಲ್ಲ. ಅವಳು ಇಳಿಯಬೇಕು. ಏಪ್ರಿಲ್ ಹುಟ್ಟುವುದರೊಳಗೆ ಉತ್ತರ ಬರೆ.

ನಿನ್ನ ಅಜ್ಜಿ,
ಒನೊರಿನಾ